28 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಗೆರೆ: ಎನ್‌ಕ್ಯೂಆರ್ ಸ್ಪೆಕ್ಟ್ರೋಮೀಟರಿಗೆ ಆವೃತ್ತಿ ಸ್ವೀಪ್ ಅಳವಡಿಸಿದ ಪ್ರಕರಣ

ನಮ್ಮ ಸ್ನಾತಕೋತ್ತರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಪುಡಿಯಲ್ಲಿನ ಕ್ಲೋರಿನ್-35ರ ನ್ಯೂಕ್ಲಿಯರ್ ಕ್ವಾಡ್ರುಪೋಲ್ ಅನುರಣನವನ್ನು, ಅಂದರೆ ನ್ಯೂಕ್ಲಿಯಸ್ಸುಗಳು ಒಂದು ನಿರ್ದಿಷ್ಟ ರೇಡಿಯೋ ಆವೃತ್ತಿಯಲ್ಲಿ ಮಾತ್ರ ಶಕ್ತಿ ಹೀರಿಕೊಳ್ಳುವುದರಿಂದ ಮೂಡುವ ಎನ್‌ಕ್ಯೂಆರ್ ಗೆರೆಯನ್ನು, ವಿದ್ಯಾರ್ಥಿಗಳೇ ಹುಡುಕಿ ಅಳೆಯುವಂಥ ಪ್ರಯೋಗವೊಂದನ್ನು ಕಟ್ಟಬೇಕಾಗಿತ್ತು. ಈ ಗೆರೆ ಎಲ್ಲಿದೆಯೆಂಬುದು ಗುಟ್ಟೇನಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 28.09 ಮೆಗಾಹರ್ಟ್ಸ್‌ನಲ್ಲಿರುತ್ತದೆ. ಗೊತ್ತಿರುವ ಜಾಗದಲ್ಲಿ ಗೊತ್ತಿರುವ ಗೆರೆಯನ್ನು ಹುಡುಕುವುದಕ್ಕೆ ಎರಡು ವಾರ ಧಾರಾಳವಾಗಿ ಸಾಕೆಂದು ಅಂದಾಜು ಮಾಡಿದ್ದೆವು. ಹಿಡಿದದ್ದು ಏಳು ವಾರ. ಹೆಚ್ಚುವರಿ ಐದು ವಾರಗಳಲ್ಲಿ ಮಾದರಿಯ ಬಗ್ಗೆ ನಾವು ಕಲಿತದ್ದು ಕಡಿಮೆ. ಆವೃತ್ತಿ ಬದಲಾದಂತೆ ನಮ್ಮ ಉಪಕರಣಗಳಲ್ಲಿ ಪ್ರತಿಯೊಂದೂ ತನ್ನದೇ ಒಂದು ವಕ್ರರೇಖೆಯನ್ನು ಬರೆಯುತ್ತದೆ, ಆ ರೇಖೆಗಳನ್ನೆಲ್ಲ ಮೊದಲೇ ಗುರುತು ಹಿಡಿದಿಟ್ಟುಕೊಳ್ಳದೆ ಮಾದರಿಯ ಗೆರೆಯನ್ನು ಹುಡುಕಲು ಹೊರಡುವುದು ವ್ಯರ್ಥ ಎಂಬುದನ್ನೇ ಆ ಅವಧಿಯುದ್ದಕ್ಕೂ ಒಂದೊಂದಾಗಿ ಕಂಡುಕೊಂಡೆವು. ಆ ಕೆಲಸದ ವಿವರ ಇಲ್ಲಿದೆ.

ಸ್ವೀಪ್, ಅಂದರೆ ಆವೃತ್ತಿಯನ್ನು ಹೆಜ್ಜೆ ಹೆಜ್ಜೆಯಾಗಿ ಬದಲಿಸುತ್ತ ಹೋಗುವುದು, ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಎನ್‌ಎಂಆರ್ (ನ್ಯೂಕ್ಲಿಯರ್ ಕಾಂತೀಯ ಅನುರಣನ) ಪ್ರಯೋಗದಲ್ಲಿ ಹೊರಗಿನಿಂದ ಕಾಂತಕ್ಷೇತ್ರ ಕೊಡುವವರು ನಾವೇ ಆದ್ದರಿಂದ, ಆವೃತ್ತಿಯನ್ನು ಒಂದೆಡೆ ನಿಲ್ಲಿಸಿ ಕ್ಷೇತ್ರವನ್ನು ಮೆಲ್ಲಗೆ ಬದಲಿಸಿದರೂ ಗೆರೆ ತಾನಾಗಿ ಬಂದು ಎದುರು ನಿಲ್ಲುತ್ತದೆ. ಎನ್‌ಕ್ಯೂಆರ್‌ನಲ್ಲಿ ಆ ಅನುಕೂಲವಿಲ್ಲ. ಕ್ಲೋರಿನ್ ನ್ಯೂಕ್ಲಿಯಸ್ಸಿನ ವಿದ್ಯುದಾವೇಶ ಪೂರ್ತಿ ಗೋಲಾಕಾರವಾಗಿ ಹರಡಿಲ್ಲದ ಕಾರಣ, ಹರಳಿನೊಳಗಿನ ವಿದ್ಯುತ್ ಕ್ಷೇತ್ರ ಜಾಗದಿಂದ ಜಾಗಕ್ಕೆ ತೋರುವ ಏರಿಳಿತಕ್ಕೆ ಅದು ಸ್ಪಂದಿಸುತ್ತದೆ. ಆ ಏರಿಳಿತವನ್ನು ನಿರ್ಧರಿಸುವುದು ಹರಳೇ ಹೊರತು ನಾವಲ್ಲ. ಕ್ಲೋರಿನ್-35ರ ಸ್ಪಿನ್ 3/2 ಆಗಿರುವುದರಿಂದಲೂ ಪೊಟ್ಯಾಶಿಯಂ ಕ್ಲೋರೇಟ್ ಹರಳಿನಲ್ಲಿ ಕ್ಲೋರಿನ್ ಪರಮಾಣುಗಳೆಲ್ಲ ಒಂದೇ ಬಗೆಯ ನೆಲೆಯಲ್ಲಿ ಕುಳಿತಿರುವುದರಿಂದಲೂ ಸಿಗುವುದು ಒಂದೇ ಗೆರೆ, ಅದರ ಅಗಲ ಸುಮಾರು ಒಂದು ಕಿಲೋಹರ್ಟ್ಸ್. ಅದನ್ನು ಕಾಣಬೇಕಾದರೆ ರೇಡಿಯೋ ಆವೃತ್ತಿಯೇ ಅದರ ಬಳಿಗೆ ನಡೆದುಹೋಗಬೇಕು. 1950ರಲ್ಲಿ ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಡೆಮೆಲ್ಟ್ ಮತ್ತು ಕ್ರೂಗರ್ ಡೈಕ್ಲೋರೋಎಥಿಲೀನ್‌ನಲ್ಲಿ ಕ್ಲೋರಿನ್ನಿನ ಇಂಥ ಗೆರೆಯನ್ನು ಮೊದಲು ಪ್ರಕಟಿಸಿದಾಗಲೂ ಅವರು ಮಾಡಿದ್ದು ಮೂಲತಃ ಇದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿಯೂ ಎನ್‌ಕ್ಯೂಆರ್ ಸಂಶೋಧನೆ ಬಹುಕಾಲ ನಡೆದಿದೆ. ಆದ್ದರಿಂದ ವಿಷಯ ನಮ್ಮ ಕಡೆಯವರಿಗೆ ತೀರ ಹೊಸದಲ್ಲ. ಹೊಸದಾಗಿದ್ದದ್ದು ನಮಗೆ ಮಾತ್ರ.

ಉಪಕರಣಗಳ ಸಾಲು

ಸಿಗ್ನಲ್ ಜನರೇಟರಿನಿಂದ ಹೊರಟ ಸಂಕೇತವನ್ನು ಪವರ್ ಸ್ಪ್ಲಿಟರ್ ಎರಡಾಗಿ ಹಂಚುತ್ತದೆ. ಒಂದು ಪಾಲು ಅಟೆನ್ಯುಯೇಟರ್ ಮೂಲಕ ಹೈಬ್ರಿಡ್ ಬ್ರಿಡ್ಜಿಗೆ ಹೋಗುತ್ತದೆ. ಬ್ರಿಡ್ಜಿನ ಒಂದು ತೋಳಿನಲ್ಲಿ ಮಾದರಿಯಿರುವ ಪ್ರೋಬ್ (ಮಾದರಿಯ ಸುತ್ತಲಿನ ಕಾಯಿಲ್ ಮತ್ತು ಅದರ ಕೆಪಾಸಿಟರುಗಳು), ಇನ್ನೊಂದರಲ್ಲಿ 50 ಓಮ್‌ನ ಲೋಡ್. ಎರಡೂ ತೋಳು ಸಮವಾಗಿದ್ದರೆ ನಾಲ್ಕನೆಯ ಬಾಯಿಂದ ಏನೂ ಹೊರಬರುವುದಿಲ್ಲ. ಮಾದರಿ ಒಂದಿಷ್ಟು ಶಕ್ತಿಯನ್ನು ಹೀರಿಕೊಂಡರೆ ಆ ಸಮತೋಲ ಕೂದಲೆಳೆಯಷ್ಟು ತಪ್ಪುತ್ತದೆ, ಆ ತಪ್ಪೇ ನಮಗೆ ಬೇಕಾದ ಸಂಕೇತ. ಅದನ್ನು ಕಡಿಮೆ ಗದ್ದಲದ ಆಂಪ್ಲಿಫೈಯರ್ ಹಿಗ್ಗಿಸುತ್ತದೆ, ಜನರೇಟರಿನ ಎರಡನೆಯ ಪಾಲಿನ ಜೊತೆ ಮಿಕ್ಸರಿನಲ್ಲಿ ಸೇರಿಸಿ ಕೆಳಗಿಳಿಸಲಾಗುತ್ತದೆ, ಕೊನೆಗೆ ಗದ್ದಲದ ನಡುವೆ ಒಂದು ಗೊತ್ತಾದ ಲಯದ ಸಂಕೇತವನ್ನು ಮಾತ್ರ ಆರಿಸಿಕೊಳ್ಳುವ ಲಾಕ್-ಇನ್ ಆಂಪ್ಲಿಫೈಯರ್ ಅಳೆಯುತ್ತದೆ. ಕಂಪ್ಯೂಟರ್ ಜನರೇಟರಿಗೆ ಒಂದು ಆವೃತ್ತಿಯನ್ನು ಹೇಳುತ್ತದೆ, ಸ್ವಲ್ಪ ಹೊತ್ತು ಕಾಯುತ್ತದೆ, ಲಾಕ್-ಇನ್ನಿನ ಅಂಕೆಯನ್ನು ಬರೆದುಕೊಂಡು ಮುಂದಿನ ಆವೃತ್ತಿಗೆ ಹೋಗುತ್ತದೆ. ಆ ‘ಸ್ವಲ್ಪ ಹೊತ್ತು’ ಎಂಬ ಮಾತಿಗೆ ಮುಂದೆ ಮರಳುತ್ತೇನೆ.

ಮಾದರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಪೊಟ್ಯಾಶಿಯಂ ಕ್ಲೋರೇಟ್ ಬೆಂಕಿಕಡ್ಡಿಯ ತಲೆಯಲ್ಲಿರುವ ವಸ್ತು, ಪ್ರಬಲ ಉತ್ಕರ್ಷಕ. ಗಂಧಕ ಅಥವಾ ಸಾವಯವ ಪದಾರ್ಥ ಸೋಂಕಿದ ಕಲ್ಬತ್ತಿನಲ್ಲಿ ಅದನ್ನು ಅರೆಯುವುದು ಅಪಾಯ. ನಾವು ಅರೆಯಲೇ ಇಲ್ಲ. ಸೀಸೆಯಲ್ಲಿದ್ದ ಪುಡಿಯನ್ನೇ ಸುಮಾರು 3 ಗ್ರಾಂ ತೆಗೆದು ಶುದ್ಧವಾದ ಗಾಜಿನ ನಳಿಗೆಯಲ್ಲಿ ತುಂಬಿ ಟೆಫ್ಲಾನ್ ಬಿರಡೆ ಹಾಕಿದೆವು.

ಪ್ರೋಬಿನ ಕಾಯಿಲನ್ನು ಈ ನಳಿಗೆಗೆ ತಕ್ಕಂತೆ ಸುತ್ತಿದ್ದು: 12 ಮಿಲಿಮೀಟರ್ ವ್ಯಾಸ, 22 ಮಿಲಿಮೀಟರ್ ಉದ್ದ, 14 ಸುತ್ತು. ಲೆಕ್ಕದ ಪ್ರಕಾರ ಅದರ ಇಂಡಕ್ಟೆನ್ಸ್ ಒಂದು ಮೈಕ್ರೋಹೆನ್ರಿಯ ಆಸುಪಾಸು, 28.09 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಲು ಒಟ್ಟು 32 ಪಿಕೋಫ್ಯಾರಡ್ ಬೇಕು. ಒಂದು ಟ್ರಿಮ್ಮರ್ ಕೆಪಾಸಿಟರ್ ಶ್ರುತಿಗೆ, ಇನ್ನೊಂದು 50 ಓಮ್‌ಗೆ ಹೊಂದಿಸುವುದಕ್ಕೆ. ಮೊದಲೆಲ್ಲ ಇದನ್ನು ಸರಿಮಾಡುವುದೆಂದರೆ ಅರ್ಧ ದಿನದ ಕೆಲಸ. ಈಗ ಆವೃತ್ತಿಗೆ ತಕ್ಕಂತೆ ಪ್ರತಿಫಲನವನ್ನು ಅಳೆದು ತೋರಿಸುವ ಅಂಗೈಯಗಲದ ಉಪಕರಣ ನ್ಯಾನೋವಿಎನ್‌ಎ ಬಂದಮೇಲೆ ಹತ್ತು ನಿಮಿಷದ ಕೆಲಸ. ಆದರೆ ಅದನ್ನು ಓಪನ್, ಶಾರ್ಟ್, ಲೋಡ್ ಮೂರನ್ನೂ ಜೋಡಿಸಿ ಕ್ಯಾಲಿಬ್ರೇಟ್ ಮಾಡುವುದು ಕೇಬಲ್ಲಿನ ಆ ತುದಿಯಲ್ಲಿ, ಪ್ರೋಬ್ ಕೂರುವ ಜಾಗದಲ್ಲಿಯೇ ಆಗಬೇಕು. ನಾವು ಮೊದಲ ದಿನ ಉಪಕರಣದ ಬಾಯಲ್ಲೇ ಕ್ಯಾಲಿಬ್ರೇಟ್ ಮಾಡಿ ಒಂದು ಮೀಟರ್ ಕೇಬಲ್ಲನ್ನು ಆಮೇಲೆ ಸೇರಿಸಿದ್ದೆವು. ಪರದೆಯ ಮೇಲಿನ ಸ್ಮಿತ್ ಚಾರ್ಟಿನ (ಹೊಂದಿಕೆ ಕೂಡಿದಾಗ ಚುಕ್ಕೆ ನಡುವಿಗೆ ಬರುವ ವೃತ್ತಾಕಾರದ ನಕ್ಷೆಯ) ಚುಕ್ಕೆ ಎಲ್ಲೋ ಮೂಲೆಯಲ್ಲಿ ಸುತ್ತುತ್ತಿದ್ದರೆ ಟ್ರಿಮ್ಮರ್ ತಿರುಗಿಸಿ ತಿರುಗಿಸಿ ಸೋತೆವು.

ಶ್ರುತಿ ಕೂಡಿದಮೇಲೆ ನಡುಬಿಂದುವಿನಲ್ಲಿ ಪ್ರತಿಫಲನ 35 ಡೆಸಿಬೆಲ್ ಕೆಳಗಿತ್ತು. ಕಾಯಿಲಿನ ಕ್ಯೂ, ಅಂದರೆ ಶ್ರುತಿ ಎಷ್ಟು ಮೊನಚೆಂದು ಹೇಳುವ ಅಂಕೆ, ಸುಮಾರು 100. ಈ ಎರಡು ಅಂಕೆಗಳನ್ನು ನೋಡಿ ನಾವು ಸಂತೋಷಪಟ್ಟೆವು, ಅವುಗಳಲ್ಲೇ ಮುಂದಿನ ತೊಂದರೆ ಬರೆದಿತ್ತೆಂಬುದನ್ನು ಗಮನಿಸಲಿಲ್ಲ.

ಮೊದಲ ಸ್ವೀಪ್

27.98ರಿಂದ 28.14 ಮೆಗಾಹರ್ಟ್ಸ್‌ವರೆಗೆ, 500 ಹರ್ಟ್ಸ್ ಹೆಜ್ಜೆಯಲ್ಲಿ ಮೊದಲ ಸ್ವೀಪ್ ನಡೆಸಿದೆವು. ಗೆರೆಯನ್ನು ಗುರುತಿಸಲು ಜನರೇಟರಿನ ಆವೃತ್ತಿಯನ್ನೇ ಸೆಕೆಂಡಿಗೆ 83 ಬಾರಿ ಆಚೀಚೆ ತೂಗಿಸುವ ಎಫ್‌ಎಂ ವಿಧಾನವನ್ನು ಆರಿಸಿದ್ದೆವು, ಏಕೆಂದರೆ ಅದಕ್ಕೆ ಬೇರೆ ಯಾವ ಸಲಕರಣೆಯೂ ಬೇಕಿರಲಿಲ್ಲ. (83 ಎಂಬ ಸಂಖ್ಯೆಯಲ್ಲಿ ವಿಶೇಷವೇನಿಲ್ಲ, 50 ಹರ್ಟ್ಸ್ ಮೇನ್ಸ್ ಮತ್ತು ಅದರ ಗುಣಕಗಳಿಂದ ದೂರವಿರಬೇಕಿತ್ತು, ಅಷ್ಟೆ.) ಪರದೆಯ ಮೇಲೆ ಮೂಡಿದ್ದು ಒಂದು ದೊಡ್ಡ ಇಳಿಜಾರು. ಎರಡೂ ಅಂಚಿನಲ್ಲಿ ಅದು ಇದ್ದಕ್ಕಿದ್ದಂತೆ ಮಟ್ಟಸವಾಗಿ, ಮೊರ ಕವುಚಿಟ್ಟ ಹಾಗೆ ಚಪ್ಪಟೆಯಾಗಿತ್ತು.

ಚಪ್ಪಟೆಯ ಕಾರಣ ಬೇಗ ತಿಳಿಯಿತು. ಕ್ಯೂ 100 ಇರುವ ಸರ್ಕ್ಯೂಟನ್ನು ನಡುವಿನಿಂದ 80 ಕಿಲೋಹರ್ಟ್ಸ್ ಸರಿಸಿದರೆ ಅದರ ಪ್ರತಿಫಲನ 35 ಡೆಸಿಬೆಲ್ ಕೆಳಗಿದ್ದದ್ದು ಬರೀ 11 ಡೆಸಿಬೆಲ್ ಕೆಳಗಿನ ಮಟ್ಟಕ್ಕೆ ಏರಿಬಿಡುತ್ತದೆ. ಬ್ರಿಡ್ಜಿಗೆ ಕೊಟ್ಟಿದ್ದು ಮೈನಸ್ 10 ಡಿಬಿಎಂ (ಒಂದು ಮಿಲಿವ್ಯಾಟ್‌ಗಿಂತ 10 ಡೆಸಿಬೆಲ್ ಕಡಿಮೆ). ಬ್ರಿಡ್ಜಿನಲ್ಲಿ ಹೋಗುವಾಗ 3, ಬರುವಾಗ 3 ಡೆಸಿಬೆಲ್ ಕಳೆದರೂ ಅಂಚಿನಲ್ಲಿ ಮೈನಸ್ 27 ಡಿಬಿಎಂ ಸೋರಿಕೆ ಆಂಪ್ಲಿಫೈಯರಿಗೆ ಬರುತ್ತಿತ್ತು. ನಾವು ಹುಮ್ಮಸ್ಸಿನಲ್ಲಿ 25 ಡೆಸಿಬೆಲ್‌ನ ಎರಡು ಆಂಪ್ಲಿಫೈಯರುಗಳನ್ನು ಒಂದರ ಹಿಂದೊಂದು ಕಟ್ಟಿದ್ದೆವು. ನಡುಬಿಂದುವಿನಲ್ಲಿ ಎಲ್ಲ ಸರಿಯಿದ್ದ ಸಾಲು ಅಂಚಿಗೆ ಬಂದಾಗ ಉಸಿರುಗಟ್ಟಿ ನಿಲ್ಲುತ್ತಿತ್ತು. ಇಲ್ಲಿ ತಪ್ಪು ಎಣಿಕೆಯದು: ಸಾಲಿನ ಶಕ್ತಿ ಮಟ್ಟಗಳನ್ನು ಒಂದೇ ಆವೃತ್ತಿಗೆ ಲೆಕ್ಕ ಹಾಕಿದ್ದೆವು, ಸ್ವೀಪಿನ ಎರಡು ತುದಿಗಳಿಗೆ ಹಾಕಿರಲಿಲ್ಲ. ಎರಡನೆಯ ಆಂಪ್ಲಿಫೈಯರನ್ನು ಕಿತ್ತು, ಬೇಕಾದ ಹಿಗ್ಗುವಿಕೆಯನ್ನು ಮಿಕ್ಸರಿನ ನಂತರ ಆಡಿಯೋ ಮಟ್ಟದಲ್ಲಿ ಪಡೆದುಕೊಂಡೆವು. ಚಪ್ಪಟೆ ಹೋಯಿತು, ಇಳಿಜಾರು ಉಳಿಯಿತು.

ಆ ಇಳಿಜಾರಿನ ಎಡಬದಿಯಲ್ಲಿ ಎರಡು ಮೂರು ಬಿಂದುಗಳಷ್ಟು ಅಗಲದ ಒಂದು ಚೂಪು ಕಾಣಿಸಿಕೊಂಡದ್ದು ಆಗಲೇ. “ಸರ್, ಲೈನ್ ಸಿಕ್ಕಿತು!” ಎಂದು ಸ್ವೀಪ್ ನಡೆಸುತ್ತಿದ್ದ ವಿದ್ಯಾರ್ಥಿನಿ ಕಾರಿಡಾರಿನವರೆಗೆ ಓಡಿ ಬಂದಳು. ನಾನು ಹೋಗಿ ಕರ್ಸರ್ ಇಟ್ಟು ನೋಡಿದೆ. 28.000 ಮೆಗಾಹರ್ಟ್ಸ್.

ದುಂಡು ಅಂಕೆ ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ಹರಳಿನೊಳಗಿನ ಕ್ಲೋರಿನ್‌ಗೆ ನಮ್ಮ ಸೆಕೆಂಡಿನ ಲೆಕ್ಕ ಗೊತ್ತಿಲ್ಲ. ಸೊನ್ನೆಗಳ ಮೇಲೆ ಮೋಹವಿರುವುದು ಎಲೆಕ್ಟ್ರಾನಿಕ್ ಸರ್ಕ್ಯೂಟುಗಳಿಗೆ ತಾಳ ಹಾಕಲು ಮನುಷ್ಯ ಮಾಡಿದ ಕ್ರಿಸ್ಟಲ್‌ಗಳಿಗೆ. ಆದರೂ ಗುಮಾನಿಯಷ್ಟೇ ಸಾಲದು, ಮೂರು ಪರೀಕ್ಷೆ ಮಾಡಿದೆವು. ಮೊದಲನೆಯದು ಕಾಗದದ ಮೇಲೆ: ಕೋಣೆಯ ತಾಪದ ಸುತ್ತ ಈ ಗೆರೆ ಪ್ರತಿ ಡಿಗ್ರಿಗೆ ಸುಮಾರು 4.8 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ಗೆರೆ 28.000ಕ್ಕೆ ಬರಬೇಕಿದ್ದರೆ ಮಾದರಿ 44 ಡಿಗ್ರಿಯಷ್ಟು ಬಿಸಿಯಿರಬೇಕು. ಪಕ್ಕದ ಥರ್ಮಾಮೀಟರ್ 30 ತೋರಿಸುತ್ತಿತ್ತು. ಎರಡನೆಯದು, ಮಾದರಿಯ ನಳಿಗೆಯನ್ನು ಹೊರತೆಗೆದು ಅದೇ ಸ್ವೀಪ್ ಮತ್ತೆ ನಡೆಸುವುದು. ಚೂಪು ಅಲ್ಲೇ ಇತ್ತು. ಮೂರನೆಯದೇ ನನಗೆ ಹೆಚ್ಚು ಹಿಡಿಸಿದ್ದು. ಐದು ಸಲ ಸ್ವೀಪ್ ಮಾಡಿದಾಗ ಚೂಪು ಎರಡು ಸಲ ಮೇಲ್ಮುಖವಾಗಿ, ಮೂರು ಸಲ ಕೆಳಮುಖವಾಗಿ, ಐದೂ ಸಲ ಬೇರೆ ಬೇರೆ ಎತ್ತರದಲ್ಲಿ ಬಂತು. ನಿಜವಾದ ಗೆರೆ ಹೀಗೆ ಮಾತು ತಪ್ಪುವುದಿಲ್ಲ. ಹೊರಗಿನ ಯಾವುದೋ ಆಂದೋಲಕದ ಸಂಕೇತ ಮಿಕ್ಸರಿಗೆ ನುಸುಳಿದಾಗ ಅದಕ್ಕೂ ನಮ್ಮ ಜನರೇಟರಿಗೂ ಇರುವ ಅಂತರದಷ್ಟು ಆವೃತ್ತಿಯ ಮಿಡಿತ ಹುಟ್ಟುತ್ತದೆ; ಆ ಮಿಡಿತ ಲಾಕ್-ಇನ್ ಕೇಳುತ್ತಿರುವ ಪಟ್ಟಿಯೊಳಗೆ ಬಿದ್ದಾಗ ಅಂಕೆ ಜಿಗಿಯುತ್ತದೆ, ಆದರೆ ಎರಡರ ನಡುವೆ ಫೇಸ್ ಸಂಬಂಧವೇ ಇಲ್ಲದ ಕಾರಣ ಜಿಗಿತದ ದಿಕ್ಕು ಆ ಹೊತ್ತಿನ ಅದೃಷ್ಟಕ್ಕೆ ಬಿಟ್ಟದ್ದು.

ಕಳ್ಳ ಸಿಕ್ಕಿದ್ದು ಮನೆಯೊಳಗೇ. ಮಾದರಿಯ ತಾಪ ಓದಲು ನಾವೇ ಜೋಡಿಸಿದ್ದ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ 4 ಮೆಗಾಹರ್ಟ್ಸ್ ಕ್ರಿಸ್ಟಲ್ ಇತ್ತು. ನಾಲ್ಕೇಳು ಇಪ್ಪತ್ತೆಂಟು! ಅದರ ಚೌಕ ಅಲೆಯ ಏಳನೆಯ ಹಾರ್ಮೋನಿಕ್, ಅಂದರೆ ಏಳು ಪಟ್ಟು ಆವೃತ್ತಿಯ ಅಂಶ, ನಮ್ಮ ಸ್ವೀಪಿನ ಒಳಗೇ ಬಂದು ಕುಳಿತಿತ್ತು, ತಾಪ ಗ್ರಹಿಸುವ ಥರ್ಮಿಸ್ಟರಿಗೆ ಹೋಗುತ್ತಿದ್ದ ಎರಡು ತಂತಿಗಳು ಅದನ್ನು ಪ್ರೋಬಿನ ಬಾಗಿಲವರೆಗೆ ಹೊತ್ತು ತರುವ ಆಂಟೆನಾ ಆಗಿದ್ದವು. ಬೋರ್ಡಿನ ಸ್ವಿಚ್ ಆರಿಸಿದ ಕೂಡಲೇ ಚೂಪು ಮಾಯ. ಬೋರ್ಡನ್ನು ಬೇರೆ ಲೋಹದ ಪೆಟ್ಟಿಗೆಗೆ ಸೇರಿಸಿ, ತಂತಿಗಳಿಗೆ ಫೆರೈಟ್ ಮಣಿ ಪೋಣಿಸಿ, ಎರಡೂ ತುದಿಗೆ ಸಣ್ಣ ಫಿಲ್ಟರ್ ಹಾಕಿದಮೇಲೆ ಅದು ಮತ್ತೆ ಬರಲಿಲ್ಲ. ಪ್ರಯೋಗಾಲಯದಲ್ಲಿರುವ ಕ್ರಿಸ್ಟಲ್‌ಗಳ ಆವೃತ್ತಿಗಳನ್ನೆಲ್ಲ ಪಟ್ಟಿ ಮಾಡಿ ಅವುಗಳ ಗುಣಕಗಳನ್ನು ಸ್ವೀಪಿನ ನಕ್ಷೆಯ ಮೇಲೆ ಮೊದಲೇ ಪೆನ್ಸಿಲ್ಲಿನಲ್ಲಿ ಗುರುತು ಮಾಡುವ ಅಭ್ಯಾಸ ನಮಗೆ ಶುರುವಾದದ್ದು ಅಂದಿನಿಂದ.

ಬಿಸ್ಕತ್ ಡಬ್ಬಿಯ ಗುಂಯ್‌ಕಾರ

ಇಳಿಜಾರಿನ ಸಮಸ್ಯೆ ಇದಕ್ಕಿಂತ ಆಳದ್ದು. ಎಫ್‌ಎಂ ವಿಧಾನ ಆವೃತ್ತಿಯ ಮೇಲೆ ಅವಲಂಬಿಸಿದ ಎಲ್ಲವನ್ನೂ ಸಮಾನ ನಿಷ್ಠೆಯಿಂದ ತೋರಿಸುತ್ತದೆ. ಮಾದರಿಯ ಕಿಲೋಹರ್ಟ್ಸ್ ಅಗಲದ ಗೆರೆಯನ್ನೂ ತೋರಿಸುತ್ತದೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಪ್ರೋಬಿನ ಶ್ರುತಿ ವಕ್ರರೇಖೆಯನ್ನೂ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಆ ವಕ್ರರೇಖೆಯನ್ನು ಕಳೆಯಬಹುದೆಂದು ಒಂದು ವಾರ ಒದ್ದಾಡಿದೆವು. ಕಳೆದಷ್ಟೂ ಉಳಿಯುವುದು ಇನ್ನೊಂದು ವಕ್ರರೇಖೆಯೇ. ಪಾಲಿನಾಮಿಯಲ್ (ಬಹುಪದ) ಹಾಕಿ ಬೇಸ್‌ಲೈನ್, ಅಂದರೆ ಗೆರೆಯ ಹಿನ್ನೆಲೆಯ ವಕ್ರರೇಖೆ, ಒರೆಸುವುದರಲ್ಲಿ ನನಗೆ ನಂಬಿಕೆ ಹೋದದ್ದು ಆ ವಾರವೇ. ಏಳನೆಯ ಘಾತದವರೆಗೆ ಹೋದರೆ ಎಂಥ ಗೆರೆಯನ್ನಾದರೂ ಹುಟ್ಟಿಸಬಹುದು, ಎಂಥದ್ದನ್ನಾದರೂ ಅಳಿಸಬಹುದು.

ಇದಕ್ಕೆ ಹಳೆಯ ಹಾಗೂ ಗಟ್ಟಿಯಾದ ಪರಿಹಾರವೊಂದಿದೆ: ಝೀಮನ್ ಮಾಡ್ಯುಲೇಶನ್. ಆವೃತ್ತಿಯನ್ನು ತೂಗಿಸುವ ಬದಲು ಮಾದರಿಯ ಸುತ್ತ ಸಣ್ಣ ಕಾಂತಕ್ಷೇತ್ರವೊಂದನ್ನು ಹಚ್ಚಿ ಆರಿಸುತ್ತ ಹೋಗುವುದು. ಕ್ಷೇತ್ರ ಇದ್ದಾಗ ಪುಡಿಯ ಲಕ್ಷಾಂತರ ಹರಳುಗಳ ಗೆರೆಗಳು ಬೇರೆ ಬೇರೆ ಕಡೆಗೆ ಸೀಳಿಕೊಂಡು ಚದುರಿಹೋಗುತ್ತವೆ, ಇಲ್ಲದಿದ್ದಾಗ ಒಂದೆಡೆ ಸೇರುತ್ತವೆ. ಲಾಕ್-ಇನ್ ಈ ಎರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಪ್ರೋಬಿನ ಶ್ರುತಿಗೆ ಕಾಂತಕ್ಷೇತ್ರದ ಗೊಡವೆಯಿಲ್ಲದ್ದರಿಂದ ಅದು ಎರಡರಲ್ಲೂ ಒಂದೇ ಆಗಿದ್ದು ಕಳೆದುಹೋಗಬೇಕು. 5 ಸೆಂಟಿಮೀಟರ್ ತ್ರಿಜ್ಯದ, ತಲಾ 100 ಸುತ್ತಿನ ಹೆಲ್ಮ್‌ಹೋಲ್ಟ್ಸ್ ಜೋಡಿಯನ್ನು (ನಡುವೆ ಸಮನಾದ ಕಾಂತಕ್ಷೇತ್ರ ಕೊಡುವ ಎರಡು ಎದುರುಬದುರು ಕಾಯಿಲುಗಳು) ಸುತ್ತಿ, ಒಂದು ಆಂಪಿಯರ್ ವಿದ್ಯುತ್ತನ್ನು 83 ಹರ್ಟ್ಸ್‌ನಲ್ಲಿ ಹಾಯಿಸಿ ತಡೆಯುವ ಸ್ವಿಚ್ ಮಾಡಿದೆವು. ಕ್ಷೇತ್ರ ಸುಮಾರು 18 ಗಾಸ್, ಒಂದು ಕಿಲೋಹರ್ಟ್ಸ್ ಗೆರೆಯನ್ನು ಚದುರಿಸಲು ಬೇಕಾದುದಕ್ಕಿಂತ ಹೆಚ್ಚೇ.

ಇಳಿಜಾರು ಹೋಗಲಿಲ್ಲ! ಕಡಿಮೆಯಾಯಿತು, ಆಕಾರ ಬದಲಿಸಿತು, ಆದರೆ ಹೋಗಲಿಲ್ಲ. ಪಠ್ಯಪುಸ್ತಕದ ಪ್ರಕಾರ ಇದು ಆಗಕೂಡದು. ಎರಡು ದಿನ ಸರ್ಕ್ಯೂಟಿನಲ್ಲಿ ನೆಲದ ತಂತಿಗಳನ್ನು ಬಿಚ್ಚಿ ಕಟ್ಟಿದ್ದೇ ಬಂತು. ಮೂರನೆಯ ದಿನ ಸಂಜೆ ಎಲ್ಲರೂ ಹೊರಟು ಕೋಣೆ ನಿಶ್ಶಬ್ದವಾದಾಗ, ಫ್ಯಾನ್ ಆರಿಸಲು ಬಂದ ನಮ್ಮ ಪ್ರಯೋಗಾಲಯ ಸಹಾಯಕರು ಪ್ರೋಬಿನ ಕಡೆ ಕಿವಿಗೊಟ್ಟು, “ಡಬ್ಬಿ ಗುಂಯ್ ಅಂತಿದೆಯಲ್ಲ ಸರ್” ಎಂದರು.

ಪ್ರೋಬಿಗೆ ಕವಚವಾಗಿ ನಾವು ಬಳಸಿದ್ದು ಹಳೆಯ ಬಿಸ್ಕತ್ ಡಬ್ಬಿ. ಬೆಸುಗೆ ಸುಲಭವಾಗಿ ಹಿಡಿಯುತ್ತದೆ, ರೇಡಿಯೋ ಅಲೆಗಳನ್ನು ಚೆನ್ನಾಗಿ ತಡೆಯುತ್ತದೆ, ಬೆಲೆ ಸೊನ್ನೆ. ಆದರೆ ಅದು ತವರ ಲೇಪಿಸಿದ ಕಬ್ಬಿಣದ ತಗಡು. ಒಳಗಿನ ಕಾಂತಕ್ಷೇತ್ರ ಹತ್ತಿ ಆರಿದಾಗಲೆಲ್ಲ ಮುಚ್ಚಳವನ್ನು ಎಳೆದು ಬಿಡುತ್ತಿತ್ತು. ಮುಚ್ಚಳದ ಮೇಲೆ ತೋರುಬೆರಳಿಟ್ಟೆ. ಇರುವೆ ಹರಿದಾಡಿದಂಥ ಸಣ್ಣ ನಡುಕ ಬೆರಳಿಗೆ ಗೊತ್ತಾಯಿತು. ಸ್ವಲ್ಪ ಒತ್ತಿದೆ, ಲಾಕ್-ಇನ್ನಿನ ಮುಳ್ಳು ಅರ್ಧಕ್ಕಿಳಿಯಿತು, ಬಿಟ್ಟೆ, ಮೇಲೇರಿತು. ಮುಚ್ಚಳ ಕಾಯಿಲಿನ ಹತ್ತಿರ ಬಂದು ಹೋಗುವಾಗ ಪ್ರೋಬಿನ ಶ್ರುತಿಯೂ ಅದೇ 83 ಹರ್ಟ್ಸ್‌ನಲ್ಲಿ ಆಚೀಚೆ ಆಗುತ್ತಿತ್ತು. ಶ್ರುತಿಗೆ ಕಾಂತಕ್ಷೇತ್ರದ ಗೊಡವೆಯಿಲ್ಲ ಎಂಬ ನಮ್ಮ ಊಹೆ ಸರಿಯೇ, ಡಬ್ಬಿಗೆ ಇತ್ತು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ ತಂದು, ಕಾಯಿಲನ್ನು ಪೆಟ್ಟಿಗೆಯ ತಳಕ್ಕೆ ಗಟ್ಟಿಯಾಗಿ ಬಿಗಿದು, ಹೆಲ್ಮ್‌ಹೋಲ್ಟ್ಸ್ ಜೋಡಿಯನ್ನು ಪೆಟ್ಟಿಗೆಗೆ ತಾಗದಂತೆ ಹೊರಗೆ ನಿಲ್ಲಿಸಿದೆವು. 83 ಹರ್ಟ್ಸ್‌ನಷ್ಟು ನಿಧಾನದ ಕ್ಷೇತ್ರಕ್ಕೆ ಅಲ್ಯೂಮಿನಿಯಂ ಹೆಚ್ಚಿನ ಅಡ್ಡಿಯಲ್ಲ.

ಮರುದಿನ ಮಧ್ಯಾಹ್ನ 28.07ರ ಬಳಿ ಗೆರೆ ಎದ್ದಿತು. ನಡುವೆ ಮೇಲೆದ್ದ ಚೂಪು, ಅದರ ಎರಡೂ ಬದಿಗೆ ಅಗಲವಾದ ಆಳವಿಲ್ಲದ ತಗ್ಗು. ಈ ತಗ್ಗುಗಳು ಬೇಕು. ಕ್ಷೇತ್ರ ಹತ್ತಿದಾಗ ಚದುರಿಹೋದ ಹೀರುವಿಕೆ ಕಾಣಿಸಿಕೊಳ್ಳುವುದು ಅಲ್ಲಿಯೇ. ತಗ್ಗುಗಳಿಲ್ಲದ ಬರಿಯ ಚೂಪು ಬಂದಿದ್ದರೆ ನಾನು ಮತ್ತೆ ಕ್ರಿಸ್ಟಲ್ ಹುಡುಕಲು ಹೊರಡುತ್ತಿದ್ದೆ. ಹತ್ತು ಸಲ ಸ್ವೀಪ್ ಮಾಡಿದರೂ ಚೂಪು ಮೇಲ್ಮುಖವೇ, ನಳಿಗೆ ತೆಗೆದರೆ ಇಲ್ಲ, ಥರ್ಮಾಮೀಟರಿನ 30 ಡಿಗ್ರಿಗೆ ಹೊಂದುತ್ತದೆ.

ವೇಗ ಮತ್ತು ತಾಪ

ಈಗ ಅಳೆಯುವ ಸರದಿ. ಮೇಲಕ್ಕೆ ಸ್ವೀಪ್ ಮಾಡಿದಾಗ ಸಿಕ್ಕಿದ ಜಾಗಕ್ಕೂ ಕೆಳಕ್ಕೆ ಮಾಡಿದಾಗ ಸಿಕ್ಕಿದ ಜಾಗಕ್ಕೂ ಎರಡೂವರೆ ಕಿಲೋಹರ್ಟ್ಸ್ ವ್ಯತ್ಯಾಸ ಬಂತು, ಗೆರೆಯ ಅಗಲಕ್ಕಿಂತ ಹೆಚ್ಚು. ಗದ್ದಲ ಕಡಿಮೆ ಮಾಡುವ ಆಸೆಯಿಂದ ಲಾಕ್-ಇನ್ನಿನ ಟೈಮ್ ಕಾನ್ಸ್ಟಂಟನ್ನು, ಅಂದರೆ ಅದರ ಫಿಲ್ಟರ್ ಸರಾಸರಿ ತೆಗೆಯುವ ಅವಧಿಯನ್ನು, 3 ಸೆಕೆಂಡಿಗೆ ಏರಿಸಿ, ಬೇಗ ಮುಗಿಯಲೆಂಬ ಆಸೆಯಿಂದ ಪ್ರತಿ 200 ಹರ್ಟ್ಸ್ ಹೆಜ್ಜೆಗೆ ಅರ್ಧ ಸೆಕೆಂಡ್ ಮಾತ್ರ ಕೊಟ್ಟಿದ್ದೆವು. ಎರಡು ಆಸೆ ಒಟ್ಟಿಗೆ ನಡೆಯುವುದಿಲ್ಲ. ಸೆಕೆಂಡಿಗೆ 400 ಹರ್ಟ್ಸ್ ವೇಗದಲ್ಲಿ ಹೋಗುವಾಗ 3 ಸೆಕೆಂಡ್ ಹಳೆಯ ನೆನಪನ್ನು ಹೊತ್ತ ಫಿಲ್ಟರ್ ಗೆರೆಯನ್ನು ಸುಮಾರು 1.2 ಕಿಲೋಹರ್ಟ್ಸ್ ತಡವಾಗಿ ಹೇಳುತ್ತದೆ. ಹೋಗುವಾಗ ಅತ್ತ, ಬರುವಾಗ ಇತ್ತ, ಒಟ್ಟು 2.4. ಟೈಮ್ ಕಾನ್ಸ್ಟಂಟ್ 0.3 ಸೆಕೆಂಡ್, ಪ್ರತಿ ಹೆಜ್ಜೆಗೆ ಅದರ ಐದು ಪಟ್ಟು ಅಂದರೆ ಒಂದೂವರೆ ಸೆಕೆಂಡ್ ಎಂದು ಬದಲಿಸಿದಾಗ ಈ ತಡ 40 ಹರ್ಟ್ಸ್‌ಗೆ ಇಳಿಯಿತು. ನೂರು ಕಿಲೋಹರ್ಟ್ಸ್ ಸ್ವೀಪಿಗೆ ಹನ್ನೆರಡೂವರೆ ನಿಮಿಷ ಬೇಕಾಯಿತು.

ಆದರೂ ಎರಡು ಸ್ವೀಪುಗಳ ನಡುವೆ ಏಳುನೂರು ಹರ್ಟ್ಸ್‌ನಷ್ಟು ವ್ಯತ್ಯಾಸ ಉಳಿಯಿತು. ಇದು ಬೇರೆ ಜಾತಿಯದು. ಫಿಲ್ಟರಿನ ತಡ ಸ್ವೀಪಿನ ದಿಕ್ಕು ಬದಲಾದರೆ ತಾನೂ ತಿರುಗುತ್ತದೆ. ಇದು ದಿಕ್ಕನ್ನು ಲೆಕ್ಕಿಸದೆ, ಸ್ವೀಪಿನಿಂದ ಸ್ವೀಪಿಗೆ ಕೆಳಗಿಳಿಯುತ್ತಲೇ ಇತ್ತು. ಹೊರಗೆ ಬಿಸಿಲೇರುತ್ತಿತ್ತು. ಏಳುನೂರು ಹರ್ಟ್ಸ್ ಎಂದರೆ 0.15 ಡಿಗ್ರಿ. ನಾವು ಕಟ್ಟಿದ್ದು ಸ್ಪೆಕ್ಟ್ರೋಮೀಟರ್ ಎಂದುಕೊಂಡಿದ್ದೆವು, ಅದು ಒಳ್ಳೆಯ ಥರ್ಮಾಮೀಟರ್ ಆಗಿತ್ತು. ಪೊಟ್ಯಾಶಿಯಂ ಕ್ಲೋರೇಟಿನ ಈ ಗೆರೆ ಸೊನ್ನೆ ಡಿಗ್ರಿಯಲ್ಲಿ 28.21 ಮೆಗಾಹರ್ಟ್ಸ್, ದ್ರವ ಸಾರಜನಕದಲ್ಲಿ 28.95ರ ಸುತ್ತ, ಈ ಗುಣವನ್ನೇ ಬಳಸಿ ನಿಖರ ತಾಪಮಾಪಕಗಳನ್ನು ತಯಾರಿಸಿದ್ದುಂಟು.

ಇದನ್ನು ತಿಳಿದ ಮೇಲೂ ಒಮ್ಮೆ ಮೋಸಹೋದೆವು. ಸಮಯ ಉಳಿಸಲು ಸ್ವೀಪನ್ನು 28.060ರಿಂದ 28.080ರವರೆಗೆ ಕಿರಿದು ಮಾಡಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಗೆರೆ ಇಲ್ಲ. ಕೇಬಲ್, ಬ್ರಿಡ್ಜ್, ಆಂಪ್ಲಿಫೈಯರ್ ಎಲ್ಲವನ್ನೂ ಒಂದು ಗಂಟೆ ಜಾಲಾಡಿದ ಮೇಲೆ ಯಾರೋ ಥರ್ಮಾಮೀಟರ್ ನೋಡಿದರು: 24 ಡಿಗ್ರಿ. ಗೆರೆ ಸ್ವೀಪಿನ ಕಿಟಕಿಯ ಆಚೆ, 28.098ರ ಬಳಿ ನೆಮ್ಮದಿಯಾಗಿ ಇತ್ತು. ಅಂದೇ ಪ್ರೋಬಿನ ಪೆಟ್ಟಿಗೆಯನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು, ಸುತ್ತ ನಾಲ್ಕು ನೀರಿನ ಬಾಟಲಿ ನಿಲ್ಲಿಸಿದೆವು. ಅಷ್ಟು ನೀರು ಬಿಸಿಯಾಗಲೂ ತಣಿಯಲೂ ಹೊತ್ತು ಬೇಕು.

ಶಕ್ತಿಯ ಮಟ್ಟದ ವಿಷಯ ಚಿಕ್ಕದು. ಸಂಕೇತ ದೊಡ್ಡದಾಗಲೆಂದು ಮೈನಸ್ 10 ಡಿಬಿಎಂನಿಂದ 10 ಡೆಸಿಬೆಲ್ ಏರಿಸಿದರೆ ಅದು ಮೂರು ಪಟ್ಟಾಗಬೇಕಿತ್ತು, ಒಂದೂವರೆ ಪಟ್ಟಷ್ಟೇ ಆಯಿತು. ಇನ್ನೂ 10 ಏರಿಸಿದರೆ ಕುಗ್ಗಿತು. ನ್ಯೂಕ್ಲಿಯಸ್ಸುಗಳು ಹೀರಿಕೊಂಡ ಶಕ್ತಿಯನ್ನು ಹರಳಿಗೆ ದಾಟಿಸಿ ಮತ್ತೆ ಅಣಿಯಾಗುವ ಮೊದಲೇ ನಾವು ಇನ್ನಷ್ಟು ತುರುಕುತ್ತಿದ್ದೆವು. ಮೊದಲಿನ ಮಟ್ಟಕ್ಕೇ ಮರಳಿದೆವು.

ಇನ್ನೊಂದು ಗೆರೆ

ಇಷ್ಟಾದರೂ ಇದು ಕ್ಲೋರಿನ್ನಿನ ಗೆರೆಯೇ ಎನ್ನಲು ಒಂದು ಪರೀಕ್ಷೆ ಬಾಕಿಯಿತ್ತು. ಪ್ರಕೃತಿಯಲ್ಲಿ ಕ್ಲೋರಿನ್ನಿನ ಶೇಕಡಾ 76ರಷ್ಟು ಕ್ಲೋರಿನ್-35, ಉಳಿದದ್ದು ಅದಕ್ಕಿಂತ ಭಾರದ ಐಸೋಟೋಪ್ ಕ್ಲೋರಿನ್-37. ಎರಡೂ ಕೂರುವುದು ಅದೇ ನೆಲೆಯಲ್ಲಿ, ಕಾಣುವುದು ಅದೇ ವಿದ್ಯುತ್ ಕ್ಷೇತ್ರವನ್ನು. ಹಾಗಾಗಿ ಎರಡು ಗೆರೆಗಳ ಆವೃತ್ತಿಯ ಅನುಪಾತ ಅವುಗಳ ಕ್ವಾಡ್ರುಪೋಲ್ ಮೊಮೆಂಟುಗಳ (ನ್ಯೂಕ್ಲಿಯಸ್ಸಿನ ಆವೇಶ ಗೋಲಾಕಾರದಿಂದ ಎಷ್ಟು ಸರಿದಿದೆಯೆಂಬ ಅಳತೆಗಳ) ಅನುಪಾತ, 1.2688. ಅಂದಿನ ತಾಪದಲ್ಲಿ 35ರ ಗೆರೆ 28.0705ರಲ್ಲಿತ್ತು. 37ರದ್ದು 22.12ರ ಬಳಿ ಇರಬೇಕು.

ಪ್ರೋಬಿನ ಒಟ್ಟು ಕೆಪಾಸಿಟೆನ್ಸನ್ನು 32ರಿಂದ 51 ಪಿಕೋಫ್ಯಾರಡ್‌ಗೆ ಏರಿಸಿ ಹೊಸದಾಗಿ ಶ್ರುತಿ ಮಾಡಿದೆವು. ಸ್ವೀಪಿನ ಎರಡು ತುದಿಗಳಲ್ಲಿ ಸೋರಿಕೆ ಎಷ್ಟೆಂದು ಮೊದಲು ಬರೆದಿಟ್ಟೆವು. ಕ್ರಿಸ್ಟಲ್ ಪಟ್ಟಿ ನೋಡಿದೆವು: 4ರ ಗುಣಕಗಳಾದ 20, 24 ಎರಡೂ ದೂರ. ಸಂಕೇತ ಮೊದಲಿನದರ ಆರನೆಯ ಒಂದು ಪಾಲಿಗಿಂತ ಹೆಚ್ಚಿರಲಾರದೆಂದು ಲೆಕ್ಕ ಹೇಳಿತು. ಐಸೋಟೋಪ್ ಕಡಿಮೆಯಿರುವುದು ಒಂದು, ಆವೃತ್ತಿ ಇಳಿದಂತೆ ಸಂಕೇತ ಕುಗ್ಗುವುದು ಇನ್ನೊಂದು. 10 ಕಿಲೋಹರ್ಟ್ಸ್ ಕಿಟಕಿಯಲ್ಲಿ ರಾತ್ರಿಯಿಡೀ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಸ್ವೀಪ್ ಮಾಡಿ ಸರಾಸರಿ ತೆಗೆದೆವು. ಕೊನೆಯಲ್ಲಿ 28ಕ್ಕೆ ಮರಳಿ ಶ್ರುತಿ ಮಾಡಿ 35ರ ಗೆರೆಯನ್ನು ಮತ್ತೆ ಓದಿದಾಗ 28.0699, ನೀರಿನ ಬಾಟಲಿಗಳು ತಮ್ಮ ಕೆಲಸ ಮಾಡಿದ್ದವು. ಎರಡರ ಸರಾಸರಿಯನ್ನು 1.2688ರಿಂದ ಭಾಗಿಸಿದರೆ 22.1234. ನಕ್ಷೆಯಲ್ಲಿ, ಗದ್ದಲದ ಮೇಲೆ ಕಷ್ಟಪಟ್ಟು ತಲೆಯೆತ್ತಿದ ಚೂಪು 22.123ರಲ್ಲಿತ್ತು, ಎರಡೂ ಬದಿಗೆ ತಗ್ಗು.

ಅದೇ ವಿದ್ಯಾರ್ಥಿನಿ ಈ ಸಲ ಓಡಿ ಬರಲಿಲ್ಲ. ನಳಿಗೆಯನ್ನು ಹೊರಗೆ ತೆಗೆದು, ಮುಂದಿನ ರಾತ್ರಿಯೂ ಅಷ್ಟೇ ಸ್ವೀಪ್ ನಡೆಸಿ, ಏನೂ ಇಲ್ಲದ ಆ ನಕ್ಷೆಯನ್ನು ಮುದ್ರಿಸಿಕೊಂಡು ಮೊದಲಿನದರ ಪಕ್ಕದಲ್ಲಿ ದಾಖಲೆ ಪುಸ್ತಕಕ್ಕೆ ಅಂಟಿಸಿದ ಮೇಲೆ ನನಗೆ ತಂದು ತೋರಿಸಿದಳು.